ಟಾರ್ಪನ್ ಮೀನು ಹಾರಿದಾಗ ಮುಂದಕ್ಕೆ ಬಗ್ಗಬೇಕಂತೆ, ಯಾಕೆ?

ನಮ್ಮ ಭಾವ ಇರುವುದು ಅಮೆರಿಕದ ಫ್ಲೋರಿಡಾದಲ್ಲಿ, ಟ್ಯಾಂಪಾ ಹತ್ತಿರ. ಹುಟ್ಟಿ ಬೆಳೆದದ್ದು ಉಡುಪಿಯ ಕೆಮ್ಮಣ್ಣಿನಲ್ಲಿ. ಕೋಡಿಬೆಂಗ್ರೆಯ ಅಳಿವೆಯಲ್ಲಿ ಗಾಳ ಹಾಕಿ ಕೈ ಪಳಗಿದವರು, ಹಾಗಾಗಿ ಮೀನು ಹಿಡಿಯುವ ವಿಷಯದಲ್ಲಿ ಯಾರ ಮಾತನ್ನೂ ಕೇಳುವ ಜನ ಅಲ್ಲ. ಹೋದ ವರ್ಷ ಮೇ ತಿಂಗಳಲ್ಲಿ ಮನೆಯ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೋ ಹಾಕಿದರು. ಹನ್ನೊಂದು ಸೆಕೆಂಡಿನದ್ದು. ಬೋಟಿನ ಮೇಲೆ ಭಾವ, ಕೈಯಲ್ಲಿ ಬಿಲ್ಲಿನ ಹಾಗೆ ಬಾಗಿದ ರಾಡ್. ಇದ್ದಕ್ಕಿದ್ದ ಹಾಗೆ ಭಾವನಷ್ಟೇ ಉದ್ದದ ಬೆಳ್ಳಿ ಬಣ್ಣದ ಮೀನೊಂದು ನೀರಿನಿಂದ ಪೂರ್ತಿ ಮೇಲೆ ಹಾರಿ, ಬಾಯಿ ತೆರೆದು, ತಲೆಯನ್ನು ಅತ್ತಿತ್ತ ಜಾಡಿಸುತ್ತದೆ. ಕಿವಿರಿನ ಮುಚ್ಚಳಗಳು ಪಟಪಟ ಬಡಿಯುವ ಸದ್ದು ಮೊಬೈಲಿನಲ್ಲೂ ಕೇಳುತ್ತದೆ. ಹಿಂದಿನಿಂದ ಬೋಟಿನವನು ಇಂಗ್ಲಿಷಿನಲ್ಲಿ ‘ಬೌ! ಬೌ!’, ಅಂದರೆ ಬಗ್ಗು ಬಗ್ಗು, ಅಂತ ಕಿರುಚುತ್ತಾನೆ. ಭಾವ ಊರಿನ ಅಭ್ಯಾಸದಲ್ಲಿ ಇನ್ನೂ ಜೋರಾಗಿ ಎಳೆಯುತ್ತಾರೆ. ಮೀನು ಬೀಳುತ್ತದೆ, ರಾಡ್ ಸೆಟೆದು ನಿಲ್ಲುತ್ತದೆ, ಲೈನ್ ಗಾಳಿಯಲ್ಲಿ ಸುಮ್ನೆ ಹಾರಾಡುತ್ತದೆ. ಮುಗಿಯಿತು.

ಗುಂಪಿನಲ್ಲಿ ಮೊದಲ ಮೆಸೇಜು ನಮ್ಮ ಚಿಕ್ಕಮ್ಮನದ್ದು. ‘ಎಷ್ಟು ಕಿಲೋ ಇತ್ತು? ಪುಳಿಮುಂಚಿಗೆ ಆಗುತ್ತದಾ?’

‘ಸಿಕ್ಕಿದ್ದರೂ ಬಿಡಬೇಕಿತ್ತು ಚಿಕ್ಕಮ್ಮ. ಇಲ್ಲಿ ಹಾಗೇ ರೂಲ್ಸು. ತಿನ್ನಲಿಕ್ಕೂ ಚೆನ್ನಾಗಿಲ್ಲ, ಮುಳ್ಳು.’

‘ಬಿಡುವುದಾದರೆ ಹಿಡಿಯುವುದು ಎಂತಕ್ಕೆ ಮಾರಾಯ?’

ಭಾವ ಒಂದು ನಗುವ ಮುಖ ಕಳಿಸಿ ಸುಮ್ಮನಾದರು. ಆದರೆ ಎರಡು ಪ್ರಶ್ನೆ ನನ್ನ ತಲೆಯಲ್ಲಿ ಉಳಿದವು. ಮೀನು ಹಾರಿದಾಗ ಬಗ್ಗು ಅಂತ ಅವನು ಕೂಗಿದ್ದು ಯಾಕೆ? ತಿನ್ನದ ಮೀನಿಗೆ ಇಷ್ಟು ಗಲಾಟೆ ಯಾಕೆ? ಅಲ್ಲಿಂದ ಶುರುವಾಗಿ ಟಾರ್ಪನ್ ಅನ್ನುವ ಈ ಮೀನಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಓದುತ್ತಾ ಹೋದ ಹಾಗೆ ಅನ್ನಿಸಿದ್ದು ಇಷ್ಟು: ಟಾರ್ಪನ್ ಹಿಡಿಯುವ ಆಟದ ಎಲ್ಲ ವಿಚಿತ್ರ ನಿಯಮಗಳೂ ಮನುಷ್ಯರು ಕೂತು ಮಾಡಿದವು ಅಲ್ಲ. ಆ ಮೀನಿನ ಉಸಿರು ಮತ್ತು ಬಾಯಿ, ಇವೆರಡನ್ನು ಅರ್ಥ ಮಾಡಿಕೊಂಡರೆ ಉಳಿದದ್ದು ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ಮೊದಲು ಮೀನಿನ ಪರಿಚಯ. ಟಾರ್ಪನ್ ಕುಲದ ಹೆಸರು ಮೆಗಾಲಾಪ್ಸ್, ಗ್ರೀಕಿನಲ್ಲಿ ದೊಡ್ಡ ಕಣ್ಣು ಅಂತ ಅರ್ಥ. ಈ ಕುಲದಲ್ಲಿ ಇವತ್ತು ಬದುಕಿರುವುದು ಎರಡೇ ಜಾತಿ. ಒಂದು ಅಟ್ಲಾಂಟಿಕ್ ಸಮುದ್ರದ್ದು, ಭಾವನ ಕೈ ತಪ್ಪಿಸಿಕೊಂಡದ್ದು. ಅಮೆರಿಕದ ಕಡೆಗೂ ಆಫ್ರಿಕಾದ ಪಶ್ಚಿಮ ಕರಾವಳಿಗೂ ಉಂಟು, ಎಂಟು ಅಡಿಯವರೆಗೆ ಬೆಳೆಯುತ್ತದೆ. ದಾಖಲೆಯ ಮೀನು 2003ರಲ್ಲಿ ಆಫ್ರಿಕಾದ ಗಿನಿ ಬಿಸಾವುನಲ್ಲಿ ಸಿಕ್ಕಿದ್ದು, ತೂಕ ಹತ್ತಿರ ಹತ್ತಿರ 130 ಕಿಲೋ. ಇನ್ನೊಂದು ಜಾತಿ ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಕಡೆಯದ್ದು. ಇದು ಚಿಕ್ಕದು, ಸಾಮಾನ್ಯವಾಗಿ ಒಂದು ಅಡಿ, ಒಂದೂವರೆ ಅಡಿ. ಅದು ನಮ್ಮ ಕರಾವಳಿಯಲ್ಲೂ ಉಂಟು. ಆ ಕಥೆ ಆಮೇಲೆ ಹೇಳುತ್ತೇನೆ.

ಇಲ್ಲಿ ಒಂದು ಗೊಂದಲ ಬಿಡಿಸಿಬಿಡಬೇಕು. ಅಮೆರಿಕದವರ ಬರಹಗಳಲ್ಲಿ ಟಾರ್ಪನ್ ಪಕ್ಕದಲ್ಲೇ ‘ಲೇಡಿ ಫಿಶ್’ ಅಂತ ಒಂದು ಹೆಸರು ಬರುತ್ತದೆ, ಅದು ಟಾರ್ಪನ್ನಿನ ಹತ್ತಿರದ ಸಂಬಂಧಿ. ಮಂಗಳೂರಿನ ಹೋಟೆಲಿನ ಮೆನುವಿನಲ್ಲೂ ಲೇಡಿ ಫಿಶ್ ಇರುತ್ತದೆ, ಅದು ನಮ್ಮ ಕಾಣೆ. ಎರಡಕ್ಕೂ ಯಾವ ಸಂಬಂಧವೂ ಇಲ್ಲ. ನಾನು ಸುಮಾರು ಎರಡು ದಿನ ಟಾರ್ಪನ್ ಅಂದರೆ ಕಾಣೆಯ ದೊಡ್ಡಪ್ಪ ಅಂತಲೇ ತಿಳಿದುಕೊಂಡಿದ್ದೆ.

ಈಗ ಉಸಿರಿನ ವಿಷಯ. ದೊಡ್ಡ ಮೀನು ಕೊಯ್ಯುವಾಗ ಹೊಟ್ಟೆಯೊಳಗೆ ಬಿಳಿ ಬಲೂನಿನ ಹಾಗೆ ಒಂದು ಚೀಲ ಕಾಣುತ್ತದಲ್ಲ, ಅದು ಗಾಳಿಚೀಲ. ಹೆಚ್ಚಿನ ಮೀನುಗಳಿಗೆ ಅದು ಮುಳುಗದೆ ತೇಲದೆ ನೀರಿನ ಮಧ್ಯದಲ್ಲಿ ನಿಲ್ಲಲು ಬೇಕಾದ ಸಾಧನ, ಅಷ್ಟೇ. ಟಾರ್ಪನ್ನಿನಲ್ಲಿ ಆ ಚೀಲಕ್ಕೂ ಗಂಟಲಿಗೂ ನೇರ ದಾರಿ ಉಂಟು. ಚೀಲದ ಒಳಗೋಡೆ ಸ್ಪಂಜಿನ ಹಾಗೆ, ತುಂಬಾ ರಕ್ತನಾಳ. ಅಂದರೆ ಹೆಚ್ಚು ಕಡಿಮೆ ನಮ್ಮ ಶ್ವಾಸಕೋಶದ ಕೆಲಸವೇ. ಮೀನು ಮೇಲೆ ಬಂದು ಬಾಯಿ ತುಂಬಾ ಗಾಳಿ ನುಂಗಿ, ಬೆನ್ನು ತೋರಿಸುತ್ತಾ ಮಗುಚಿಕೊಂಡು ಕೆಳಗೆ ಹೋಗುತ್ತದೆ. ಕಿವಿರೂ ಉಂಟು, ಇದೂ ಉಂಟು. ನಮ್ಮ ಗದ್ದೆಯ ಮುಗುಡು ಕೂಡ ಗಾಳಿ ಕುಡಿಯುವ ಮೀನೇ, ಆದರೆ ಅದಕ್ಕೆ ಕಿವಿರಿನ ಪಕ್ಕದಲ್ಲಿ ಬೇರೆಯೇ ಅಂಗ.

ಸಮುದ್ರದ ಮೀನಿಗೆ ಇದರ ಅಗತ್ಯ ಎಂತ? ಉತ್ತರ ಮರಿಗಳ ಹತ್ತಿರ ಉಂಟು. ಟಾರ್ಪನ್ ಮೊಟ್ಟೆ ಇಡುವುದು ದೂರದ ಸಮುದ್ರದಲ್ಲಿ. ದೊಡ್ಡ ಹೆಣ್ಣು ಮೀನು ಲಕ್ಷಗಟ್ಟಲೆ ಅಲ್ಲ, ಕೋಟಿ ಲೆಕ್ಕದಲ್ಲಿ ಮೊಟ್ಟೆ ಹಾಕುತ್ತದೆ. ಅದರಿಂದ ಬರುವ ಮರಿ ನೋಡಲು ಮೀನಿನ ಹಾಗೆ ಇರುವುದೇ ಇಲ್ಲ, ಗಾಜಿನ ರಿಬ್ಬನ್ ತುಂಡಿನ ಹಾಗೆ ಪಾರದರ್ಶಕ. ಹಾವುಮೀನಿನ ಮರಿಯೂ ಹೀಗೆಯೇ, ಎರಡೂ ಒಂದೇ ಹಳೆಯ ವಂಶದವು. ಈ ರಿಬ್ಬನ್ ಒಂದು ಇಂಚಿನಷ್ಟು ಬೆಳೆದು ಕರಾವಳಿಗೆ ಬಂದ ಮೇಲೆ ಮತ್ತೆ ಕುಗ್ಗುತ್ತದೆ, ಕುಗ್ಗಿ ಮೀನಿನ ಆಕಾರ ಪಡೆದು ಆಮೇಲೆ ಬೆಳೆಯಲು ಶುರು ಮಾಡುತ್ತದೆ. ಬೆಳೆಯುವ ಜಾಗವೋ, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಒಳಗಿನ ಕಪ್ಪು ಕೆಸರಿನ, ಕೊಳೆತ ವಾಸನೆಯ ನಿಂತ ನೀರು. ಅಲ್ಲಿ ಆಮ್ಲಜನಕ ತೀರಾ ಕಡಿಮೆ, ಬೇರೆ ದೊಡ್ಡ ಮೀನುಗಳು ಒಳಗೆ ಬಂದರೆ ಉಸಿರುಗಟ್ಟುತ್ತದೆ. ಟಾರ್ಪನ್ ಮರಿ ಮಾತ್ರ ಮೇಲೆ ಬಂದು ಒಂದು ಗುಟುಕು ಗಾಳಿ ಕುಡಿದು ಆರಾಮಾಗಿ ಇರುತ್ತದೆ. ಬೇರೆಯವರಿಗೆ ಬೇಡದ ಜಾಗವೇ ಅದರ ತೊಟ್ಟಿಲು.

ಸಿಹಿನೀರೂ ಅದಕ್ಕೆ ಆಗುತ್ತದೆ. 1914ರಲ್ಲಿ ಪನಾಮಾ ಕಾಲುವೆ ತೆರೆದ ಮೇಲೆ ಅಟ್ಲಾಂಟಿಕ್ ಟಾರ್ಪನ್‌ಗಳು ಕಾಲುವೆಯ ನಡುವಿನ ಸಿಹಿನೀರಿನ ಸರೋವರವನ್ನು ದಾಟಿ ಪೆಸಿಫಿಕ್ ಕಡೆಗೂ ಹೋಗಿ ಸೇರಿದವು. ಹಡಗಿಗೆ ಅಂತ ಮಾಡಿದ ದಾರಿ, ಮೀನು ಟಿಕೆಟಿಲ್ಲದೆ ಹೋಯಿತು.

ಗಾಳ ಹಾಕುವವರಿಗೆ ಈ ಉಸಿರಿನಿಂದ ಎರಡು ಸಂಗತಿ. ಒಂದು, ಮೀನು ಎಲ್ಲಿದೆ ಅಂತ ಅದೇ ಹೇಳಿಕೊಡುತ್ತದೆ. ಬೆಳಗ್ಗೆ ಸಮುದ್ರ ಶಾಂತವಾಗಿದ್ದಾಗ ಅಲ್ಲಲ್ಲಿ ಬೆಳ್ಳಿ ಬೆನ್ನು ಮಗುಚುವುದು ಕಾಣುತ್ತದೆ, ಬೋಟಿನವರು ಅದನ್ನೇ ಕಾಯುತ್ತಾ ಇರುತ್ತಾರೆ. ಎರಡನೆಯದು, ಗಾಳಕ್ಕೆ ಸಿಕ್ಕಿದ ಮೇಲೆ ಸುಸ್ತಾದ ಟಾರ್ಪನ್ ಮೇಲೆ ಬಂದು ಗಾಳಿ ನುಂಗಿದರೆ ಅದಕ್ಕೆ ಮತ್ತೆ ಹುಮ್ಮಸ್ಸು ಬರುತ್ತದೆ ಅಂತ ಅಲ್ಲಿನ ಅನುಭವಿಗಳ ಮಾತು. ಅದಕ್ಕೇ ಅವರು ಕೊನೆಯ ಹಂತದಲ್ಲಿ ರಾಡನ್ನು ತಗ್ಗಿಸಿ ಮೀನಿನ ತಲೆ ಮೇಲೇಳದ ಹಾಗೆ ನೋಡಿಕೊಳ್ಳುತ್ತಾರೆ.

ಇನ್ನು ಬಾಯಿ. ಟಾರ್ಪನ್ನಿನ ಬಾಯಿಯೊಳಗೆ ಮಾಂಸವೇ ಇಲ್ಲ ಅನ್ನುವಷ್ಟು ಎಲುಬು. ಅದಕ್ಕೆ ಹುಕ್ ಚುಚ್ಚುವುದು ಅಂದರೆ ತೆಂಗಿನ ಗೆರಟೆಗೆ ಸೂಜಿ ಚುಚ್ಚಿದ ಹಾಗೆ. ಜಾರುತ್ತದೆ, ನಾಟುವುದಿಲ್ಲ. ಹಲ್ಲು ದೊಡ್ಡದಿಲ್ಲ, ಆದರೆ ದವಡೆ ಪೂರ್ತಿ ಮರಳುಕಾಗದದ ಹಾಗೆ ಒರಟು. ಅದಕ್ಕೆ ಉಜ್ಜಿ ಉಜ್ಜಿ ತೆಳು ದಾರ ಸವೆದು ಹೋಗುತ್ತದೆ. ಹಾಗಾಗಿ ಮುಖ್ಯ ಲೈನಿನ ತುದಿಗೆ, ಹುಕ್ಕಿನ ಹತ್ತಿರ, ಒಂದು ದಪ್ಪ ದಾರದ ತುಂಡನ್ನು ಕಟ್ಟುತ್ತಾರೆ. ಅದಕ್ಕೆ ಲೀಡರ್ ಅಂತ ಹೆಸರು. ಟಾರ್ಪನ್‌ಗೆ ಸಾಧಾರಣವಾಗಿ 60ರಿಂದ 80 ಪೌಂಡಿನದ್ದು.

ಹುಕ್ ಕೂಡ ನಮ್ಮ ಇಂಗ್ಲಿಷ್ ‘ಜೆ’ ಆಕಾರದ್ದಲ್ಲ. ತುದಿ ಒಳಗೆ ಬಾಗಿ ಹೆಚ್ಚು ಕಡಿಮೆ ಬಳೆಯ ಹಾಗೆ ಕಾಣುವ ಸರ್ಕಲ್ ಹುಕ್. ಮೊದಲ ಸಲ ನೋಡಿದವರಿಗೆ ಇದರಲ್ಲಿ ಮೀನು ಸಿಕ್ಕುವುದಾದರೂ ಹೇಗೆ ಅಂತ ಅನ್ನಿಸುತ್ತದೆ. ಮೀನು ಕಚ್ಚಿದ ಕೂಡಲೇ ನೀವು ರಪ್ ಅಂತ ಎಳೆದರೆ ಸಿಕ್ಕುವುದೂ ಇಲ್ಲ, ಹುಕ್ ಬಾಯಿಯಿಂದ ಜಾರಿ ಹೊರಗೆ ಬರುತ್ತದೆ. ಎಳೆಯಬಾರದು. ಮೀನು ತಿರುಗಿ ಹೋಗಲು ಬಿಡಬೇಕು, ನಿಧಾನಕ್ಕೆ ರೀಲ್ ಸುತ್ತಿ ಲೈನ್ ಬಿಗಿ ಮಾಡಬೇಕು. ಆಗ ಹುಕ್ ತಾನಾಗಿ ಜಾರುತ್ತಾ ಬಂದು ಬಾಯಿಯ ಮೂಲೆಯಲ್ಲಿ, ದವಡೆ ಮಡಚುವ ಜಾಗದಲ್ಲಿ ಸಿಕ್ಕಿಕೊಳ್ಳುತ್ತದೆ. ಮೀನು ಹುಕ್ಕನ್ನು ಹೊಟ್ಟೆಯವರೆಗೆ ನುಂಗುವುದೂ ಕಡಿಮೆ, ಹಾಗಾಗಿ ಬಿಟ್ಟ ಮೇಲೆ ಬದುಕುವ ಅವಕಾಶ ಜಾಸ್ತಿ. ಭಾವನಿಗೆ ಇದೇ ಕಷ್ಟ ಆದದ್ದು. ಮೂವತ್ತು ವರ್ಷ ಕಚ್ಚಿದ ಕೂಡಲೇ ಜಗ್ಗಿ ಅಭ್ಯಾಸ ಇರುವ ಕೈ ಅದು, ಸುಮ್ಮನಿರು ಅಂದರೆ ಎಲ್ಲಿ ಕೇಳುತ್ತದೆ?

ಈಗ ಬಗ್ಗುವ ವಿಷಯಕ್ಕೆ ಬರುತ್ತೇನೆ. ಮನೆಯಲ್ಲಿ ಬಾವಿ ಇದ್ದವರಿಗೆ ಇದು ಒಂದೇ ಮಾತಿನಲ್ಲಿ ಅರ್ಥ ಆಗುತ್ತದೆ. ಕೊಡಪಾನ ನೀರಿನೊಳಗೆ ಇರುವತನಕ ಹಗ್ಗ ಎಷ್ಟು ಹಗುರ. ನೀರಿನ ಮಟ್ಟ ಬಿಟ್ಟು ಮೇಲೆ ಬಂದ ಕೂಡಲೇ ಕೈಗೆ ದಡಕ್ ಅಂತ ಭಾರ ಬೀಳುತ್ತದೆ. ಕೊಡಪಾನ ಅದೇ, ನೀರು ಅಷ್ಟೇ. ಒಳಗಿದ್ದಾಗ ಬಾವಿಯ ನೀರೇ ಅದನ್ನು ಹೊತ್ತುಕೊಂಡಿತ್ತು, ಹೊರಗೆ ಬಂದ ಮೇಲೆ ನೀವು ಹೊರಬೇಕು. ಹಳೆಯ ಹಗ್ಗ ತುಂಡಾಗುವುದು ಹೆಚ್ಚಾಗಿ ಆ ಕ್ಷಣದಲ್ಲೇ.

ಟಾರ್ಪನ್ನಿನ ಕಥೆಯೂ ಇದೇ. ನೀರಿನೊಳಗೆ 60 ಕಿಲೋ ಮೀನಿನ ಭಾರ ನಿಮ್ಮ ಲೈನಿಗೆ ಗೊತ್ತೇ ಆಗುವುದಿಲ್ಲ, ಅದು ಈಜುವ ಬಲ ಮಾತ್ರ ಗೊತ್ತಾಗುತ್ತದೆ. ತಲೆ ಜಾಡಿಸಿದರೂ ಸುತ್ತಲಿನ ನೀರು ತಡೆಯುತ್ತದೆ. ಅದೇ ಮೀನು ಗಾಳಿಗೆ ಹಾರಿದಾಗ ತಡೆಯಲು ಏನೂ ಇಲ್ಲ. 60 ಕಿಲೋದ ದೇಹ ಪೂರ್ತಿ ಬಲದಿಂದ ತಲೆ ಬೀಸುತ್ತದೆ, ಆಗ ಲೈನ್ ಬಿಗಿಯಾಗಿದ್ದರೆ ಆ ಜಾಡಿಕೆಯೆಲ್ಲ ನೇರ ಹುಕ್ಕಿಗೆ ಹೋಗುತ್ತದೆ. ಗೆರಟೆಯಲ್ಲಿ ಅರ್ಧಂಬರ್ಧ ನಾಟಿದ ಸೂಜಿ, ಅದು ಉಳಿಯುತ್ತದಾ? ಒಂದು ವೇಳೆ ಉಳಿದರೂ ಮೀನು ವಾಪಸು ಬೀಳುವಾಗ ಬಿಗಿದ ಲೈನಿನ ಮೇಲೆ ಬಿದ್ದರೆ ಲೈನ್ ತುಂಡು. ಹಾಗಾಗಿ ಮೀನು ಹಾರಿದ ಕ್ಷಣಕ್ಕೆ ಸರಿಯಾಗಿ ನೀವು ಮುಂದಕ್ಕೆ ಬಾಗಿ, ರಾಡಿನ ತುದಿಯನ್ನು ಮೀನಿನ ಕಡೆಗೆ ಚಾಚಿ, ಲೈನಿಗೆ ಒಂದೆರಡು ಮಾರು ಸಡಿಲ ಕೊಡಬೇಕು. ಮೀನು ಎಷ್ಟು ಜಾಡಿಸಿದರೂ ಆಗ ಅದಕ್ಕೆ ಎದುರಾಗಿ ಎಳೆಯುವವರಿಲ್ಲ. ನೀರಿಗೆ ಬಿದ್ದ ಕೂಡಲೇ ಮತ್ತೆ ಬಿಗಿ ಮಾಡಬೇಕು. ನೋಡುವವರಿಗೆ ಮೀನಿಗೆ ನಮಸ್ಕಾರ ಮಾಡಿದ ಹಾಗೆ ಕಾಣುತ್ತದೆ. ಟಾರ್ಪನ್‌ಗೆ ಅಲ್ಲಿ ಬೆಳ್ಳಿ ರಾಜ ಅಂತ ಅಡ್ಡಹೆಸರು, ಅದಕ್ಕೆ ಇದನ್ನು ‘ರಾಜನಿಗೆ ತಲೆಬಾಗು’ ಅನ್ನುತ್ತಾರೆ. ಹೆಸರಿನಲ್ಲಿ ಭಕ್ತಿ ಉಂಟು, ಒಳಗಿರುವುದು ಬಾವಿಕಟ್ಟೆಯ ಲೆಕ್ಕ.

ಇಷ್ಟೆಲ್ಲ ಮಾಡಿಯೂ ಗಾಳಕ್ಕೆ ಬಿದ್ದ ಟಾರ್ಪನ್‌ಗಳಲ್ಲಿ ಎಷ್ಟೋ ತಪ್ಪಿಸಿಕೊಂಡೇ ಹೋಗುತ್ತವೆ. ಹಾಗಾಗಿ ಭಾವ ಅಷ್ಟೇನೂ ನಾಚಿಕೆ ಪಡಬೇಕಾಗಿಲ್ಲ.

ಲೈನಿನ ಬಗ್ಗೆ ಜನ ತಪ್ಪು ತಿಳಿಯುವುದು ಒಂದು ಉಂಟು. 50 ಪೌಂಡಿನ ಲೈನ್ ಅಂದರೆ 50 ಪೌಂಡಿನ ಮೀನು ಹಿಡಿಯುವ ಲೈನ್ ಅಂತ ಅಲ್ಲ. ಅಷ್ಟು ಬಲ ಬಿದ್ದರೆ ತುಂಡಾಗುತ್ತದೆ ಅಂತ. ರೀಲಿನೊಳಗೆ ಡ್ರ್ಯಾಗ್ ಅಂತ ಒಂದು ಬ್ರೇಕ್ ಇರುತ್ತದೆ, ಮೀನು ನಿಗದಿಗಿಂತ ಜಾಸ್ತಿ ಎಳೆದರೆ ಲೈನ್ ತಾನಾಗಿ ಬಿಚ್ಚಿಕೊಳ್ಳುವ ಹಾಗೆ. ಅದನ್ನು ಲೈನಿನ ಬಲದ ಮೂರನೇ ಒಂದು ಭಾಗಕ್ಕೆ, ಅಥವಾ ಅದಕ್ಕೂ ಸ್ವಲ್ಪ ಕಡಿಮೆಗೆ ಇಡುವುದು ರೂಢಿ. ಅಂದರೆ 50 ಪೌಂಡಿನ ಲೈನಿಗೆ ಸುಮಾರು 15 ಪೌಂಡ್, ನಮ್ಮ ಲೆಕ್ಕದಲ್ಲಿ ಏಳು ಕಿಲೋದಷ್ಟು ಎಳೆತ. ಏಳು ಕಿಲೋ ಎಳೆತದಲ್ಲಿ 60 ಕಿಲೋ ಮೀನು! ಬಾವಿಯ ಕೊಡಪಾನ ನೆನಪಿದ್ದರೆ ಇದರಲ್ಲಿ ಆಶ್ಚರ್ಯ ಇಲ್ಲ, ನೀವು ಮೀನನ್ನು ಎತ್ತುತ್ತಾ ಇಲ್ಲ, ಅದರ ಈಜಾಟಕ್ಕೆ ಬ್ರೇಕ್ ಹಾಕುತ್ತಾ ಇದ್ದೀರಿ ಅಷ್ಟೇ.

ಬ್ರೇಕ್ ಹಾಕುವುದರಲ್ಲೂ ಒಂದು ಉಪಾಯ. ಫೋಟೋದಲ್ಲಿ ನೋಡಿದರೆ ಎಲ್ಲರೂ ರಾಡನ್ನು ಆಕಾಶಕ್ಕೆ ಎತ್ತಿ ಹಿಡಿದಿರುತ್ತಾರೆ, ಚೆಂದ ಕಾಣುತ್ತದೆ, ಕೆಲಸ ಆಗುವುದಿಲ್ಲ. ಬಲ್ಲವರು ರಾಡನ್ನು ಅಡ್ಡ ಹಿಡಿದು, ನೀರಿನ ಹತ್ತಿರಕ್ಕೆ ತಗ್ಗಿಸಿ, ಮೀನು ಬಲಕ್ಕೆ ಹೋದರೆ ಎಡಕ್ಕೆ, ಎಡಕ್ಕೆ ಹೋದರೆ ಬಲಕ್ಕೆ ಎಳೆಯುತ್ತಾರೆ. ಕೋಣಕ್ಕೆ ಮೂಗುದಾರ ಹಾಕಿ ನಡೆಸುವುದನ್ನು ನೋಡಿದ್ದೀರಲ್ಲ, ಮೈಯನ್ನು ಯಾರೂ ದೂಡುವುದಿಲ್ಲ, ಮೂತಿ ತಿರುಗಿಸಿದರೆ ಮೈ ಹಿಂದಿನಿಂದ ಬರುತ್ತದೆ. ಮೀನಿಗೂ ತಲೆ ತಿರುಗಿದ ಕಡೆಗೇ ಹೋಗಬೇಕು. ಹೀಗೆ ಪದೇ ಪದೇ ದಿಕ್ಕು ಕೆಡಿಸಿದರೆ ಬೇಗ ಸೋಲುತ್ತದೆ.

ಬೇಗ ಸೋಲುವುದು ಮುಖ್ಯ. ತೀರಾ ತೆಳು ಲೈನ್ ಹಾಕಿ ಎರಡು ಮೂರು ತಾಸು ಆಡಿಸಿದೆ ಅಂತ ಹೇಳಿಕೊಳ್ಳುವವರೂ ಇದ್ದಾರೆ, ನನಗೆ ಅದರಲ್ಲಿ ಯಾವ ಶೌರ್ಯವೂ ಕಾಣುವುದಿಲ್ಲ. ಅಷ್ಟು ಹೊತ್ತು ಹೋರಾಡಿದ ಮೀನಿನ ಸ್ನಾಯು ಪೂರ್ತಿ ಸೋತಿರುತ್ತದೆ, ಬಿಟ್ಟರೂ ನೆಟ್ಟಗೆ ಈಜಲಾಗದೆ ವಾಲುತ್ತದೆ. ಅದನ್ನೇ ಕಾಯುತ್ತಾ ಇರುವುದು ತಾಟೆ, ಅಂದರೆ ಶಾರ್ಕು. ಫ್ಲೋರಿಡಾದ ಬೋಕಾ ಗ್ರಾಂಡೆ ಅನ್ನುವ ಅಳಿವೆ ಟಾರ್ಪನ್‌ಗೆ ಲೋಕಪ್ರಸಿದ್ಧ, ಅಲ್ಲಿ ಸುತ್ತಿಗೆ ತಲೆಯ ದೊಡ್ಡ ಶಾರ್ಕುಗಳು ಗಾಳಕ್ಕೆ ಸಿಕ್ಕಿದ ಟಾರ್ಪನ್ನನ್ನೇ ಹುಡುಕಿಕೊಂಡು ಬರುತ್ತವೆ. 2006ರಲ್ಲಿ ಅಲ್ಲೇ 580 ಕಿಲೋದ ಸುತ್ತಿಗೆ ತಲೆ ಶಾರ್ಕು ಸಿಕ್ಕಿತ್ತು. ರೀಲ್ ಸುತ್ತುತ್ತಾ ಇರುವಾಗ ಭಾರ ಒಮ್ಮೆಲೆ ಅರ್ಧ ಆಯಿತು ಅಂದರೆ ಸಂತೋಷ ಪಡುವ ಹಾಗಿಲ್ಲ, ಉಳಿದ ಅರ್ಧ ಯಾರೋ ತಿಂದಿದ್ದಾರೆ ಅಂತ ಅರ್ಥ.

ಬೋಕಾ ಗ್ರಾಂಡೆಯ ವಿವರ ಓದುವಾಗ ನನಗೆ ನಮ್ಮ ಕೋಡಿಬೆಂಗ್ರೆಯೇ ಕಣ್ಣ ಮುಂದೆ ಬಂತು. ಒಂದು ದೊಡ್ಡ ಹಿನ್ನೀರು, ಅದಕ್ಕೆ ಸಮುದ್ರಕ್ಕೆ ಹೋಗಲು ಒಂದು ಕಿರಿದಾದ ಬಾಗಿಲು, ಆ ಬಾಗಿಲಿನಲ್ಲಿ ಸುಮಾರು 70 ಅಡಿ ಆಳ. ಏಪ್ರಿಲಿನಿಂದ ಜುಲೈವರೆಗೆ ಟಾರ್ಪನ್‌ಗಳು ಅಲ್ಲಿ ಗುಂಪು ಕಟ್ಟುತ್ತವೆ, ಅಲ್ಲಿಂದ ದೂರದ ಸಮುದ್ರಕ್ಕೆ ಮೊಟ್ಟೆ ಇಡಲು ಹೋಗುವುದು ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸಿನಲ್ಲಿ. ಅದೇ ದಿನಗಳಲ್ಲಿ ಇಳಿತದ ಸೆಳೆತ ಜೋರಿರುತ್ತದೆ. ಹಿನ್ನೀರಿನ ನೀರು ಒಮ್ಮೆಲೆ ಹೊರಗೆ ನುಗ್ಗುವಾಗ ಅದರ ಜೊತೆ ಸಣ್ಣ ಏಡಿಗಳೂ ಕೊಚ್ಚಿಕೊಂಡು ಬರುತ್ತವೆ. ಟಾರ್ಪನ್‌ಗೆ ಅದು ಹಬ್ಬದೂಟ. ಗಾಳದವರು ಕೂಡ ಜೀವಂತ ಏಡಿಯನ್ನೇ ಹುಕ್ಕಿಗೆ ಸಿಕ್ಕಿಸಿ ಹರಿವಿನ ಜೊತೆ ತೇಲಿಬಿಡುತ್ತಾರೆ. ಇದನ್ನು ಓದಿ ನಮ್ಮ ಪಕ್ಕದ ಮನೆಯ ಅಜ್ಜನಿಗೆ ಹೇಳಿದೆ. ‘ಇದರಲ್ಲಿ ಹೊಸತು ಎಂತ ಉಂಟು? ಅಮಾಸೆಯ ಇಳಿತಕ್ಕೆ ಬಾಗಿಲಲ್ಲಿ ಕೂತರೆ ಮೀನು ಸಿಕ್ಕುತ್ತದೆ ಅಂತ ಹೇಳಲಿಕ್ಕೆ ಅಮೆರಿಕ ಬೇಕಾ?’ ಅಂದರು.

ಈಗ ಚಿಕ್ಕಮ್ಮನ ಪ್ರಶ್ನೆ. ಬಿಡುವುದಾದರೆ ಹಿಡಿಯುವುದು ಯಾಕೆ?

ಮೊದಲು ಅವರೂ ಬಿಡುತ್ತಿರಲಿಲ್ಲ. ರಾಡ್ ಮತ್ತು ರೀಲಿನಲ್ಲಿ ಫ್ಲೋರಿಡಾದ ಮೊದಲ ಟಾರ್ಪನ್ ಸಿಕ್ಕಿದ್ದು 1885ರಲ್ಲಿ ಅಂತ ಅಲ್ಲಿ ಲೆಕ್ಕ. ಅದಕ್ಕೂ ಮೊದಲು ಈಟಿ ಹಾಕಿ ಹಿಡಿಯುತ್ತಿದ್ದರು. ಸುದ್ದಿ ಹಬ್ಬಿ ಶ್ರೀಮಂತರೆಲ್ಲ ದಂಡುಕಟ್ಟಿ ಬಂದರು. ಹಿಡಿದ ಮೀನನ್ನು ದಕ್ಕೆಯಲ್ಲಿ ತಲೆಕೆಳಗಾಗಿ ತೂಗು ಹಾಕಿ, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿ, ಆಮೇಲೆ ಎಸೆಯುವುದು. ಟೆಕ್ಸಾಸಿನ ಪೋರ್ಟ್ ಅರಾನ್ಸಾಸ್ ಅನ್ನುವ ಊರಿನಲ್ಲಿ ಟಾರ್ಪನ್ ಇನ್ ಅಂತ ಒಂದು ಹಳೆಯ ಹೋಟೆಲು ಉಂಟು, ಅದರ ಗೋಡೆಯ ತುಂಬಾ ಟಾರ್ಪನ್ ಹುರುಪೆಗಳು, ಸಾವಿರಗಟ್ಟಲೆ. ಒಂದೊಂದು ಹುರುಪೆಯೂ ಅಂಗೈಯಷ್ಟು ಅಗಲ, ಅದರ ಮೇಲೆ ಹಿಡಿದವರ ಹೆಸರು, ತಾರೀಕು, ಮೀನಿನ ಅಳತೆ. 1937ರಲ್ಲಿ ಅಲ್ಲಿಗೆ ಬಂದಿದ್ದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಸಹಿ ಮಾಡಿದ ಹುರುಪೆಯೂ ಅಲ್ಲಿದೆ. ಆ ಊರಿಗೇ ಒಂದು ಕಾಲಕ್ಕೆ ಟಾರ್ಪನ್ ಅಂತ ಹೆಸರಿತ್ತು. ಆಮೇಲೆ ಟೆಕ್ಸಾಸ್ ಕಡೆಗೆ ಟಾರ್ಪನ್ ಬರುವುದೇ ತೀರಾ ಕಡಿಮೆಯಾಯಿತು. ಗೋಡೆಯಲ್ಲಿ ಹುರುಪೆ ಉಳಿಯಿತು.

ಯಾಕೆ ಹೀಗಾಗುತ್ತದೆ ಅಂದರೆ ಈ ಮೀನಿನ ಆಯಸ್ಸು ನಮ್ಮ ಬೂತಾಯಿ ಬಂಗುಡೆಯ ಹಾಗೆ ಅಲ್ಲ. ಬೂತಾಯಿ ಒಂದು ವರ್ಷದೊಳಗೇ ಮೊಟ್ಟೆ ಇಡುವಷ್ಟು ಬೆಳೆಯುತ್ತದೆ. ಟಾರ್ಪನ್ ಹೆಣ್ಣಿಗೆ ಅದಕ್ಕೆ ಹತ್ತು ವರ್ಷದ ಹತ್ತಿರ ಬೇಕು. ಆಯಸ್ಸು ಐವತ್ತು ದಾಟುತ್ತದೆ. ಶಿಕಾಗೋದ ಶೆಡ್ ಅಕ್ವೇರಿಯಮ್ಮಿಗೆ 1935ರಲ್ಲಿ ತಂದ ಒಂದು ಟಾರ್ಪನ್ 1998ರವರೆಗೆ, 63 ವರ್ಷ ಬದುಕಿತ್ತು. ಭಾವನ ವಿಡಿಯೋದಲ್ಲಿ ಹಾರಿದ ಮೀನು ಭಾವನ ವಯಸ್ಸಿನದ್ದೇ ಇದ್ದಿರಬಹುದು. ಅಂಥದ್ದೊಂದನ್ನು ಫೋಟೋಗೆ ಅಂತ ಕೊಂದರೆ ಆ ಜಾಗ ತುಂಬಲು ಹತ್ತಾರು ವರ್ಷ ಬೇಕು, ತಿನ್ನಲೂ ಆಗಲಿಲ್ಲ ಅಂದರೆ ಬರೀ ನಷ್ಟ. ಬದುಕಿ ಈಜುವ ಒಂದೇ ಮೀನು ಮಾತ್ರ ವರ್ಷ ವರ್ಷ ಹೊಸ ಹೊಸ ಗಿರಾಕಿಗಳಿಗೆ ಸಿಕ್ಕುತ್ತಾ ಇರಬಹುದು, ಬೋಟಿನವನಿಗೂ ಹೋಟೆಲಿನವನಿಗೂ ಸಂಪಾದನೆ. ಬರೀ ಮೀನಿನ ಮೇಲಿನ ಪ್ರೀತಿ ಅಂತ ನಾನು ನಂಬುವುದಿಲ್ಲ. ವ್ಯಾಪಾರವೂ ಸೇರಿದೆ, ಅದರಲ್ಲಿ ತಪ್ಪೂ ಇಲ್ಲ.

2013ರಿಂದ ಫ್ಲೋರಿಡಾದಲ್ಲಿ ಟಾರ್ಪನ್ ಹಿಡಿದರೆ ಬಿಡಲೇಬೇಕು. ದಾಖಲೆ ಮುರಿಯುವಂಥ ಮೀನು ಅಂತ ಅನ್ನಿಸಿದರೆ ಮಾತ್ರ ಇಟ್ಟುಕೊಳ್ಳಬಹುದು, ಅದಕ್ಕೆ ಮೊದಲೇ ಸುಮಾರು 50 ಡಾಲರ್ ಕೊಟ್ಟು ಒಂದು ಟ್ಯಾಗ್ ತೆಗೆದುಕೊಂಡಿರಬೇಕು, ವರ್ಷಕ್ಕೆ ಒಬ್ಬರಿಗೆ ಒಂದೇ. 40 ಇಂಚಿಗಿಂತ ಉದ್ದದ ಮೀನನ್ನು ನೀರಿನಿಂದ ಮೇಲೆತ್ತುವ ಹಾಗೂ ಇಲ್ಲ, ಫೋಟೋ ಬೇಕಾದರೆ ನೀವೇ ಬಗ್ಗಬೇಕು. ಇದರ ಹಿಂದೆಯೂ ಅದೇ ಕೊಡಪಾನದ ಲೆಕ್ಕ. ಜೀವಮಾನ ಪೂರ್ತಿ ನೀರು ಹೊತ್ತುಕೊಂಡಿದ್ದ ದೇಹವನ್ನು ದವಡೆಯಲ್ಲಿ ನೇತು ಹಾಕಿದರೆ ಅದರ ಭಾರಕ್ಕೆ ಅದರದ್ದೇ ಒಳಗಿನ ಅಂಗಗಳು ಪೆಟ್ಟು ತಿನ್ನುತ್ತವೆ. ಬಿಡುವಾಗ ಮೀನಿನ ದವಡೆ ಹಿಡಿದು ತಲೆಯನ್ನು ಹರಿವಿನ ಎದುರಿಗೆ ಮಾಡಿ, ಬಾಯಿಯಿಂದ ಕಿವಿರಿನವರೆಗೆ ನೀರು ಹರಿಯುವ ಹಾಗೆ ಸ್ವಲ್ಪ ಹೊತ್ತು ಕಾಯಬೇಕು, ತಾನಾಗಿ ಬಾಲ ಬೀಸಿದ ಮೇಲೆ ಕೈ ಬಿಡಬೇಕು.

ಅದೇ 2013ರಲ್ಲಿ ಬೋಕಾ ಗ್ರಾಂಡೆಯಲ್ಲಿ ಹುಕ್ಕಿನ ಕೆಳಗೆ ಭಾರ ನೇತಾಡುವ ಒಂದು ಬಗೆಯ ಗಾಳವನ್ನೂ ನಿಷೇಧಿಸಿದರು. ಮೀನು ದಟ್ಟವಾಗಿ ಸೇರಿರುವ ಕಡೆ ಅದನ್ನು ಇಳಿಸಿ ಎತ್ತಿದರೆ ಮೀನು ಕಚ್ಚದೆಯೇ ಹುಕ್ ಹೊರಗಿನಿಂದ ಸಿಕ್ಕಿಕೊಳ್ಳುತ್ತದೆ ಅಂತ ದೂರು. ಆ ಗಾಳದವರೂ ಹಳೆಯ ಪದ್ಧತಿಯವರೂ ವರ್ಷಗಟ್ಟಲೆ ಜಗಳ ಆಡಿದ್ದರು. ಟ್ರಾಲ್ ಬೋಟಿನವರು ಮತ್ತು ನಾಡದೋಣಿಯವರ ಜಗಳ ನೋಡಿದವರಿಗೆ ಇದು ಬೇರೆ ಊರಿನ ಕಥೆ ಅಂತ ಅನ್ನಿಸುವುದಿಲ್ಲ.

ಇನ್ನು ನಮ್ಮ ಕಡೆಯ ಟಾರ್ಪನ್. ಮಾರ್ಕೆಟಿನಲ್ಲಿ ಅಂಜಲ್, ಮಾಂಜಿಯ ಪಕ್ಕ ಅದನ್ನು ಹುಡುಕಬೇಡಿ. ಬೀಸುಬಲೆಗೆ ಬೇರೆ ಮೀನಿನ ಜೊತೆ ಒಂದೋ ಎರಡೋ ಬಂದರೆ ಬಂತು. ಗುರುತು ಹಿಡಿಯುವುದು ಸುಲಭ. ಕಣ್ಣು ಮುಖಕ್ಕೆ ಹೊಂದದಷ್ಟು ದೊಡ್ಡದು. ಕೆಳದವಡೆ ಮುಂದಕ್ಕೆ ಚಾಚಿ ಬಾಯಿ ಮೇಲ್ಮುಖವಾಗಿ ತೆರೆಯುತ್ತದೆ, ಯಾವಾಗಲೂ ಯಾರ ಮೇಲೋ ಮುನಿಸಿಕೊಂಡ ಹಾಗೆ. ಹುರುಪೆ ದೊಡ್ಡದು, ಕನ್ನಡಿಯ ಹೊಳಪು. ಬೆನ್ನಿನ ರೆಕ್ಕೆಯ ಕೊನೆಯ ಕಡ್ಡಿ ಮಾತ್ರ ದಾರದ ಹಾಗೆ ಹಿಂದಕ್ಕೆ ಉದ್ದ ಬೆಳೆದಿರುತ್ತದೆ. ದೂರದಿಂದ ಹೂಮೀನು ಅಂತ ಅನ್ನಿಸಬಹುದು, ಆದರೆ ಹೂಮೀನಿನ ಬಾಯಿ ತೀರಾ ಸಣ್ಣದು, ಈ ದಾರವೂ ಇಲ್ಲ. ಇದೂ ಗಾಳಿ ಕುಡಿಯುವ ಮೀನು. ಇದರ ಮರಿಯೂ ರಿಬ್ಬನ್ನೇ, ಇದಕ್ಕೂ ಬೇಕಾದದ್ದು ಕಾಂಡ್ಲಾ ಬುಡದ ಕೆಸರು ನೀರೇ. ಸಮುದ್ರದಲ್ಲಿ ಹುಟ್ಟಿ ಹೊಳೆಯ ಒಳಗೆ ಬೆಳೆದು ಮತ್ತೆ ಸಮುದ್ರಕ್ಕೆ ಹೋಗುವ ಮೀನಿಗೆ ದಾರಿ ತೆರೆದಿರಬೇಕು. ಕಾಂಡ್ಲಾ ಕಡಿದು ಮಣ್ಣು ತುಂಬುವುದು, ಮಳೆ ಮುಗಿದ ಮೇಲೆ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವುದು, ಇವೆರಡೂ ಆ ದಾರಿಗೆ ಅಡ್ಡ ಬರುತ್ತವೆ ಅಂತ ನನ್ನ ಅನಿಸಿಕೆ. ಹಲಗೆ ಹಾಕದಿದ್ದರೆ ಉಪ್ಪುನೀರು ಗದ್ದೆಗೆ ನುಗ್ಗುತ್ತದೆ, ಅದೂ ಗೊತ್ತುಂಟು. ಸುಲಭದ ಉತ್ತರ ಇಲ್ಲ.

ನಾನು ಒಂದನ್ನು ಹಿಡಿದೆ. ಹೋದ ಡಿಸೆಂಬರಿನಲ್ಲಿ, ಸುವರ್ಣಾ ಹೊಳೆಯ ಬದಿಯಲ್ಲಿ, ಅಜ್ಜನ ದೋಣಿಯಲ್ಲಿ ಕೂತು. ಸಣ್ಣ ರಾಡ್, ಹತ್ತು ಪೌಂಡಿನ ಲೈನ್, ಒಂದೇ ಹುಕ್, ಅದರ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದ್ದೆ, ಬಿಡಿಸಲು ಸುಲಭ ಆಗಲಿ ಅಂತ. ಅದಕ್ಕೊಂದು ಜೀವಂತ ಸಿಗಡಿ. ಸಂಜೆ ಆರು ಗಂಟೆ ಇರಬಹುದು. ಕಾಂಡ್ಲಾ ಗಿಡಗಳ ನೆರಳಿನಲ್ಲಿ ನೀರು ಎಣ್ಣೆಯ ಹಾಗೆ ನಿಂತಿತ್ತು, ಅದರ ಮೇಲೆ ಗುಳುಕ್ ಅಂತ ಒಂದು ಸದ್ದು, ಒಂದು ಬೆಳ್ಳಿ ಗೆರೆ. ಮತ್ತೆ ಸ್ವಲ್ಪ ಆಚೆ ಇನ್ನೊಂದು. ಗಾಳಿ ಕುಡಿಯಲು ಬಂದದ್ದು! ನಾನು ಸಿಗಡಿಯನ್ನು ಅದರ ಮುಂದೆ ಬೀಳಿಸಿದೆ. ಲೈನ್ ಜಾರತೊಡಗಿತು. ಜಗ್ಗಲಿಲ್ಲ, ಸುಮ್ಮನೆ ಸುತ್ತಿದೆ. ಬಿಗಿಯಾದ ಕೂಡಲೇ ಒಂದು ಅಡಿಯ ಮೀನು ಎರಡು ಅಡಿ ಮೇಲಕ್ಕೆ ಹಾರಿತು, ತಲೆ ಜಾಡಿಸಿತು. ನಾನು ದೋಣಿಯಲ್ಲಿ ಎದ್ದು ನಿಂತು ಪೂರ್ತಿ ಬಗ್ಗಿದೆ. ದೋಣಿ ಅಲ್ಲಾಡಿ ಅಜ್ಜ ಬೈದರು.

ಮೂರು ಸಲ ಹಾರಿತು, ಮೂರು ಸಲ ಬಗ್ಗಿದೆ. ಹತ್ತಿರ ಬಂದಾಗ ಕೈ ಒದ್ದೆ ಮಾಡಿಕೊಂಡು ನೀರಿನಲ್ಲೇ ಹಿಡಿದೆ. ಒಣ ಕೈಯಲ್ಲಿ ಹಿಡಿದರೆ ಅದರ ಲೋಳೆ ಹೋಗುತ್ತದೆ. ದವಡೆಯ ಒಳಗೆ ಬೆರಳು ತಾಗಿದಾಗ ನಿಜವಾಗಿಯೂ ಮರಳುಕಾಗದ. ಹುಕ್ ಬಾಯಿಯ ಮೂಲೆಯಲ್ಲಿತ್ತು, ಒಂದು ತಿರುವಿಗೆ ಬಂತು. ಆ ದೊಡ್ಡ ಕಣ್ಣಿನಲ್ಲಿ ಸಂಜೆಯ ಬೆಳಕು ಹೊಳೆಯುತ್ತಿತ್ತು. ಹರಿವಿನ ಕಡೆಗೆ ತಲೆ ಮಾಡಿ ಹಿಡಿದುಕೊಂಡೆ, ಬಾಲ ಒಮ್ಮೆ ಬೀಸಿತು, ಮತ್ತೊಮ್ಮೆ ಜೋರಾಗಿ ಬೀಸಿತು, ಬಿಟ್ಟೆ. ಹೋಗುವ ಮೊದಲು ಸ್ವಲ್ಪ ದೂರದಲ್ಲಿ ಮೇಲೆ ಬಂದು ಗುಳುಕ್ ಅಂತ ಒಂದು ಗುಟುಕು ಗಾಳಿ ಕುಡಿದು ಹೋಯಿತು.

ಅಜ್ಜ ಬೀಡಿ ಹಚ್ಚುತ್ತಾ ಎಲ್ಲವನ್ನೂ ನೋಡುತ್ತಿದ್ದರು.

‘ಬಿಟ್ಟೆಯಾ?’

‘ಬಿಟ್ಟೆ ಅಜ್ಜ.’

‘ಸರಿ. ಆಟ ಮುಗಿಯಿತಲ್ಲ, ಇನ್ನು ಎರಡು ಕಾಣೆ ಹಿಡಿ. ರಾತ್ರಿಗೆ ಸಾರಿಗೆ ಎಂತ ಉಂಟು?’